ಶಕ್ತಿಯ ಲೆಕ್ಕಕ್ಕೂ ಒಂದು ಕೊಳಗ ಬೇಕು

ಸೋಲಾರ್ ಪಂಪಿನವರು ಎಚ್‌ಪಿ ಲೆಕ್ಕದಲ್ಲಿ ಮಾತಾಡುತ್ತಾರೆ. ಗೋಬರ್ ಗ್ಯಾಸಿನವರದ್ದು ಘನ ಮೀಟರ್. ಹಳ್ಳದ ನೀರಿಗೆ ಚಿಕ್ಕ ಟರ್ಬೈನು ಕೂರಿಸುವವರು ವ್ಯಾಟ್ ಅನ್ನುತ್ತಾರೆ. ಕೈಗಾ ಸುದ್ದಿ ಬಂದರೆ ಪೇಪರಿನಲ್ಲಿ ಮೆಗಾವ್ಯಾಟ್, ಹೈಡ್ರೋಜನ್ ಸುದ್ದಿಯಲ್ಲಿ ಕಿಲೋ, ಟನ್ನು. ಒಬ್ಬ ಸೇರಿನಲ್ಲಿ, ಇನ್ನೊಬ್ಬ ಮೊಳದಲ್ಲಿ, ಮತ್ತೊಬ್ಬ ಹೊರೆಯಲ್ಲಿ ಹೇಳಿದರೆ ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಕೊಳ್ಳುವವನಿಗೆ ಹೇಗೆ ಗೊತ್ತಾಗಬೇಕು?

ನಾನು ವಿಜ್ಞಾನ ಓದಿದವನಲ್ಲ, ಘಟ್ಟದ ಮೇಲಿನ ಅಡಿಕೆ ಕೃಷಿಕ. ಆದರೆ ಈ ಬಾಬತ್ತಿನಲ್ಲಿ ದುಡ್ಡು ಹಾಕುವವರು ನಾವೇ. ಆದ್ದರಿಂದ ಎಲ್ಲವನ್ನೂ ಒಂದೇ ಕೊಳಗದಲ್ಲಿ ಅಳೆದು ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಆ ಕೊಳಗ ನಮ್ಮ ಮನೆಯ ಮೀಟರಿನಲ್ಲೇ ಇದೆ. ಅದೇ ಯೂನಿಟ್. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಬಿಲ್ಲು ಇಲ್ಲದ ಕಾರಣ ತೋಟದ ಮಟ್ಟಿಗೆ ನಮಗೆ ಅದರ ಕಡೆ ಗಮನವೇ ಇಲ್ಲ, ಅಷ್ಟೆ.

ಯೂನಿಟ್ ಅಂದರೆ ಎಷ್ಟು?

ಸಾವಿರ ವ್ಯಾಟಿನ ಯಂತ್ರ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಇಲ್ಲಿ ಒಂದು ವ್ಯತ್ಯಾಸ ಸರಿಯಾಗಿ ಗೊತ್ತಿರಬೇಕು. ವ್ಯಾಟ್, ಎಚ್‌ಪಿ ಎರಡೂ ನಲ್ಲಿಯಲ್ಲಿ ನೀರು ಬೀಳುವ ರಭಸದ ಹಾಗೆ. ಯೂನಿಟ್ ಅಂದರೆ ಟ್ಯಾಂಕಿನಲ್ಲಿ ತುಂಬಿದ ನೀರು. ನಲ್ಲಿ ಎಷ್ಟು ದೊಡ್ಡದಿದ್ದರೂ ದಿನಕ್ಕೆ ಎಷ್ಟು ಹೊತ್ತು ಬಿಡುತ್ತದೆ ಅಂತ ತಿಳಿಯದೆ ಟ್ಯಾಂಕು ತುಂಬುತ್ತೋ ಇಲ್ಲವೋ ಹೇಳಲಾಗದು.

ಒಂದು ಲೀಟರ್ ನೀರನ್ನು ಒಂದು ಮೀಟರ್ ಎತ್ತಲು ಬೇಕಾಗುವ ಶಕ್ತಿಗೆ ಸುಮಾರು 10 ಜೂಲ್ ಅನ್ನುತ್ತಾರೆ. ಒಂದು ಯೂನಿಟ್‌ನಲ್ಲಿ ಇಂಥ ಜೂಲ್ 36 ಲಕ್ಷ ಇವೆ. ಅಂದರೆ ಎಲ್ಲೂ ಸೋರಿಕೆ ಇಲ್ಲದಿದ್ದರೆ ಒಂದು ಯೂನಿಟ್ 3,600 ಲೀಟರ್ ನೀರನ್ನು ನೂರು ಮೀಟರ್ ಆಳದ ಬೋರಿನಿಂದ ಮೇಲಕ್ಕೆ ತರಬೇಕು. ನಮ್ಮ ಪಂಪು, ಮೋಟಾರು ಎರಡೂ ಸೇರಿ ನೂರಕ್ಕೆ ನಲವತ್ತು ಪಾಲು ಕೆಲಸ ಕೊಟ್ಟರೆ ಸಿಗುವುದು ಒಂದೂವರೆ ಸಾವಿರ ಲೀಟರಿಗೂ ಸ್ವಲ್ಪ ಕಡಿಮೆ. ಉಳಿದದ್ದು ಬಿಸಿಯಾಗಿ, ಸದ್ದಾಗಿ, ಪೈಪಿನ ತಿಕ್ಕಾಟದಲ್ಲಿ ಹೋಯಿತು.

ಇನ್ನೊಂದು ಅಂದಾಜು ಹೇಳುತ್ತೇನೆ. ಗಟ್ಟಿಮುಟ್ಟಾದ ಆಳು ದಿನವಿಡೀ ಗುದ್ದಲಿ ಹಿಡಿದು ಅಗೆದರೆ ಅವನ ತೋಳಿನಿಂದ ಹೊರಬೀಳುವ ಕೆಲಸ ಅರ್ಧ ಯೂನಿಟ್ ಆಸುಪಾಸು. ಒಂದು ಯೂನಿಟ್ ಅಂದರೆ ಎರಡು ಆಳಿನ ದಿನದ ಬೆವರು! ಅದನ್ನು ನಾವು ಬಲ್ಬು ಆರಿಸದೆ ಮಲಗಿ ಕಳೆಯುತ್ತೇವೆ.

ಬೀಳುವ ನೀರು

ಎತ್ತುವುದಕ್ಕೆ ಎಷ್ಟು ಬೇಕೋ, ಬೀಳುವಾಗ ನೀರು ಅಷ್ಟನ್ನೇ ವಾಪಸು ಕೊಡುತ್ತದೆ. ಲೆಕ್ಕ ಬಹಳ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ಅಂತ ನೋಡಿ, ಎಷ್ಟು ಮೀಟರ್ ಎತ್ತರದಿಂದ ಅಂತ ನೋಡಿ. ಎರಡನ್ನೂ ಗುಣಿಸಿ, ಹತ್ತರಿಂದ ಮತ್ತೆ ಗುಣಿಸಿ. ಬಂದದ್ದು ವ್ಯಾಟ್. ಚಿಕ್ಕ ಘಟಕದಲ್ಲಿ ಅದರ ಅರ್ಧ ಕೈಗೆ ಬಂದರೆ ಒಳ್ಳೆಯದು ಅಂದುಕೊಳ್ಳಿ.

ನಮ್ಮ ತೋಟದ ತಲೆಯಲ್ಲಿ ಒಂದು ಹಳ್ಳ ಇದೆ. ಮಳೆಗಾಲ ಕಳೆದ ಮೇಲೆ ಸೆಕೆಂಡಿಗೆ 5 ಲೀಟರ್ ಪೈಪಿಗೆ ಕಟ್ಟಬಹುದು. ಇಳಿಜಾರು 30 ಮೀಟರ್. ಐದು ಗುಣಿಸು ಮೂವತ್ತು ಗುಣಿಸು ಹತ್ತು, 1,500 ವ್ಯಾಟ್. ಅರ್ಧ ಅಂದರೆ 750. ರಾತ್ರಿ ಹಗಲು ನಿಲ್ಲದೆ ಹರಿಯುವುದರಿಂದ ದಿನಕ್ಕೆ 18 ಯೂನಿಟ್. ಮನೆಗೆ ಧಾರಾಳ. ಆದರೆ ಫೆಬ್ರವರಿಯಲ್ಲಿ ಆ ಹಳ್ಳಕ್ಕೆ ಹೋದರೆ ಕಾಲು ಒದ್ದೆಯಾಗುವುದಿಲ್ಲ.

ನೀರಿನ ಪ್ರಮಾಣ ಅಳೆಯಲು ಗಡಿಯಾರ, ಒಂದು ಡ್ರಮ್ಮು ಸಾಕು. ಎತ್ತರ ನೋಡಲು ಗಾರೆ ಕೆಲಸದವರ ನೀರಿನ ಟ್ಯೂಬು ಸಾಕು. ಯಾರೇ ಯಂತ್ರ ಮಾರಲು ಬರಲಿ, ಈ ಎರಡು ಅಂಕಿ ನಾವೇ ತೆಗೆದಿಟ್ಟುಕೊಂಡಿರಬೇಕು.

ದೊಡ್ಡ ಪ್ರಮಾಣದಲ್ಲಿ ನಮ್ಮ ರಾಜ್ಯ ಇದನ್ನೇ ಮಾಡಿಕೊಂಡು ಬಂದಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ಬಿದ್ದ ಶಕ್ತಿ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಲಿಂಗನಮಕ್ಕಿಯ ನೀರು ಶರಾವತಿ ವಿದ್ಯುದಾಗಾರಕ್ಕೆ ಇಳಿಯುವ ಎತ್ತರ ನಾನೂರು ಮೀಟರಿಗೂ ಮಿಕ್ಕಿ. ಮೇಲಿನ ಲೆಕ್ಕ ಹಾಕಿ ನೋಡಿ, ಸಾವಿರ ಲೀಟರ್ ನೀರು ಇಳಿದರೆ ಸುಮಾರು ಒಂದು ಯೂನಿಟ್. ದೊಡ್ಡ ಟರ್ಬೈನಿನಲ್ಲಿ ನಷ್ಟ ಬಹಳ ಕಡಿಮೆ. ಎತ್ತರ ಕಡಿಮೆಯಾದರೆ ಅದೇ ಒಂದು ಯೂನಿಟ್‌ಗೆ ಎಷ್ಟೋ ಪಟ್ಟು ಹೆಚ್ಚು ನೀರು ಬೇಕು, ಅದನ್ನು ನಿಲ್ಲಿಸಲು ಅಷ್ಟು ಹೆಚ್ಚು ಭೂಮಿ ಮುಳುಗಬೇಕು. ಮುಳುಗಡೆಯ ಹಿಂದೆಯೂ ಇದೇ ಗುಣಾಕಾರ ಇದೆ.

ಬಿಸಿಲು, ಗಾಳಿ

ನಮ್ಮ ಕಡೆ ಒಂದು ಚದರ ಮೀಟರ್ ಜಾಗಕ್ಕೆ ಒಳ್ಳೆಯ ಬಿಸಿಲಿನ ದಿನ ಐದು ಯೂನಿಟ್‌ನಷ್ಟು ಶಕ್ತಿ ಬಂದು ಬೀಳುತ್ತದೆ. ಸೋಲಾರ್ ಹಲಗೆಯ ಸಿಲಿಕಾನಿಗೆ ಬೆಳಕು ಬಡಿದಾಗ ಅದರೊಳಗಿನ ಇಲೆಕ್ಟ್ರಾನುಗಳು ಜಾಗ ಬಿಟ್ಟು ಒಂದೇ ದಿಕ್ಕಿಗೆ ಹೊರಡುತ್ತವೆ, ಅದೇ ಕರೆಂಟು. ಆದರೆ ಬಿದ್ದ ಬೆಳಕಿನಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಹೀಗೆ ಸಿಗುತ್ತದೆ. ಚದರ ಮೀಟರಿಗೆ ದಿನಕ್ಕೆ ಒಂದು ಯೂನಿಟ್ ಅಂತ ಇಟ್ಟುಕೊಂಡರೆ ಲೆಕ್ಕ ಸುಲಭ. ಒಂದು ಕಿಲೋವ್ಯಾಟ್ ಹಲಗೆಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್. ಮಲೆನಾಡಿನ ಆಷಾಢದಲ್ಲಿ ಅದರ ಅರ್ಧವೂ ಕಷ್ಟ.

ಕಡಿಮೆ ಅನ್ನಿಸಿತೆ? ನಮ್ಮ ಬೆಳೆಯ ಎಲೆಗಳು ಇಡೀ ವರ್ಷದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲು ಹಿಡಿದಿಟ್ಟರೆ ದೊಡ್ಡದು. ಆದರೆ ಎಲೆ ತಾನೇ ಹುಟ್ಟುತ್ತದೆ, ತಾನೇ ಗೊಬ್ಬರವಾಗುತ್ತದೆ, ಹಿಡಿದ ಶಕ್ತಿಯನ್ನು ಕಾಳಿನಲ್ಲೋ ಕಟ್ಟಿಗೆಯಲ್ಲೋ ಕೂಡಿಡುತ್ತದೆ. ಹಲಗೆಗೆ ಕೂಡಿಡಲು ಬರುವುದಿಲ್ಲ.

ಕೂಡಿಡುವ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಹಗಲು ಸೋಲಾರಿನಲ್ಲಿ ಟ್ಯಾಂಕಿಗೆ ನೀರೆತ್ತಿ, ರಾತ್ರಿ ಆ ನೀರು ಬಿಟ್ಟು ಕರೆಂಟು ಮಾಡಬಹುದಲ್ಲ ಅಂತ ಕೇಳುವವರಿದ್ದಾರೆ. ಹತ್ತು ಸಾವಿರ ಲೀಟರಿನ ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದ್ದರೆ ಅದರಲ್ಲಿರುವ ಶಕ್ತಿ ಒಂದು ಯೂನಿಟ್‌ನ ಕಾಲು ಪಾಲು, ಅಷ್ಟೇ! ಕರೆಂಟಿನ ಉಗ್ರಾಣವಾಗಿ ಅದು ಪ್ರಯೋಜನಕ್ಕಿಲ್ಲ. ನೀರಿನ ಉಗ್ರಾಣವಾಗಿ ಮಾತ್ರ ಅದಕ್ಕಿಂತ ಒಳ್ಳೆಯದಿಲ್ಲ. ಬಿಸಿಲಿದ್ದಾಗ ಎತ್ತಿಟ್ಟು, ಬೇಕಾದಾಗ ತೋಟಕ್ಕೆ ಬಿಟ್ಟರೆ ಬ್ಯಾಟರಿಯ ಖರ್ಚೇ ಉಳಿಯಿತು. 2019ರಲ್ಲಿ ಶುರುವಾದ ಕುಸುಮ್ ಯೋಜನೆಯ ಪಂಪುಗಳು ಕೆಲಸಕ್ಕೆ ಬರುವುದು ಈ ಕಾರಣಕ್ಕೇ. ನಮಗೆ ನೀರು ಬೇಕಾಗುವ ಬೇಸಿಗೆಯಲ್ಲೇ ಬಿಸಿಲೂ ಇರುತ್ತದೆ. ಹಳ್ಳ ಒಣಗುವ ಹೊತ್ತಿಗೆ ಹಲಗೆ ದುಡಿಯುತ್ತದೆ, ಹಲಗೆ ಮಂಕಾಗುವ ಹೊತ್ತಿಗೆ ಹಳ್ಳ ತುಂಬುತ್ತದೆ.

ಗಾಳಿಯ ಲೆಕ್ಕ ಬೇರೆ. ಗಾಳಿಯ ವೇಗ ಅರ್ಧವಾದರೆ ಸಿಗುವ ಕರೆಂಟು ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಚಿತ್ರದುರ್ಗ, ಗದಗದ ಬೋಳುಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು, ಮರ ತುಂಬಿದ ನಮ್ಮ ಕಣಿವೆಯಲ್ಲಿ ಇಲ್ಲದಿರುವುದು ಇದಕ್ಕೆ. ಮನೆಯ ಮಾಡಿನ ಮೇಲೆ ಚಿಕ್ಕ ಫ್ಯಾನು ಕೂರಿಸುವವರು ಮೊದಲು ವರ್ಷವಿಡೀ ಗಾಳಿ ಅಳೆದು ನೋಡಲಿ.

ಸಗಣಿಯ ಶಕ್ತಿ

ಸಗಣಿಯೂ ಬಿಸಿಲೇ. ಎಲೆ ಹಿಡಿದದ್ದನ್ನು ದನ ತಿಂದು ಉಳಿಸಿದ ಪಾಲು ಅದು. 25 ಕಿಲೋ ಹಸಿ ಸಗಣಿಗೆ ಒಂದು ಘನ ಮೀಟರ್ ಗ್ಯಾಸು. ಉರಿಸಿದರೆ ಸುಮಾರು ಆರು ಯೂನಿಟ್‌ನಷ್ಟು ಬಿಸಿ. ನಾಲ್ಕೈದು ಜನರ ಮನೆಗೆ ಒಲೆಯ ಮುಕ್ಕಾಲು ಖರ್ಚು ಕಳೆಯಿತು, ಸ್ಲರಿ ತೋಟಕ್ಕೆ ಬಂತು.

ಇದೇ ಗ್ಯಾಸನ್ನು ಎಂಜಿನ್ನಿಗೆ ಕೊಟ್ಟು ಕರೆಂಟು ಮಾಡಿದರೆ? ಆರು ಯೂನಿಟ್ ಹೋಗಿ ಒಂದೂವರೆ ಉಳಿಯುತ್ತದೆ. ಎಂಜಿನ್ನಿನ ತಪ್ಪಲ್ಲ. ಬಿಸಿ ಅಂದರೆ ಕಣಗಳ ಗೊತ್ತುಗುರಿಯಿಲ್ಲದ ಓಡಾಟ. ಅದನ್ನು ಒಂದೇ ದಿಕ್ಕಿಗೆ ತಿರುಗುವ ಗಾಲಿಯಾಗಿ ಮಾಡುವಾಗ ದೊಡ್ಡ ಪಾಲು ಹೊರಗೆ ಚೆಲ್ಲಲೇಬೇಕು. ಜಾತ್ರೆಯ ಗುಂಪನ್ನು ಸಾಲಿನಲ್ಲಿ ನಿಲ್ಲಿಸಲು ಹೋದ ಹಾಗೆ, ಎಲ್ಲರೂ ಸಾಲಿಗೆ ಬರುವುದಿಲ್ಲ. ಡೀಸೆಲ್ ಪಂಪಿನಲ್ಲೂ ಹೀಗೇ. ಲೀಟರ್ ಡೀಸೆಲಿನಲ್ಲಿ ಹತ್ತು ಯೂನಿಟ್ ಬಿಸಿ ಇದೆ, ಗಾಲಿಗೆ ಬರುವುದು ಮೂರರ ಒಳಗೆ. ಆದ್ದರಿಂದ ನನ್ನ ಮಟ್ಟಿಗೆ ನಿಯಮ ಇಷ್ಟು: ಬಿಸಿ ಬೇಕಾದ ಕಡೆ ಬಿಸಿಯನ್ನೇ ಬಳಸಿ, ತಿರುಗುವ ಕೆಲಸಕ್ಕೆ ಕರೆಂಟು ಬಳಸಿ. ಸ್ನಾನದ ನೀರನ್ನು ಹಲಗೆಯ ಕರೆಂಟಿನಿಂದ ಕಾಯಿಸುವುದಕ್ಕಿಂತ ಬಿಸಿಲಿನಿಂದ ನೇರವಾಗಿ ಕಾಯಿಸುವುದು ಲಾಭ.

ಕೈಗಾದ ಒಲೆ

ಕಾಳಿ ನದಿ ನಮ್ಮ ಜಿಲ್ಲೆಯದು. ಅದರ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲಿನದು 2000ದಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು.

ಸೌದೆ ಉರಿಯುವಾಗ ಅಣುಗಳ ಹೊರಗಿನ ಇಲೆಕ್ಟ್ರಾನುಗಳು ಮಾತ್ರ ಜಾಗ ಬದಲಿಸುತ್ತವೆ. ಅಡಿಕೆಯ ಸಿಪ್ಪೆ ಸುಲಿದ ಹಾಗೆ, ಒಳಗಿನ ಅಡಿಕೆ ಹಾಗೇ ಇರುತ್ತದೆ. ಪರಮಾಣು ಒಲೆಯಲ್ಲಿ ಒಳಗಿನ ಅಡಿಕೆಯೇ ಒಡೆಯುತ್ತದೆ. ಯುರೇನಿಯಂನ ಬೀಜಕ್ಕೆ ನ್ಯೂಟ್ರಾನ್ ಅನ್ನುವ ಕಣ ಹೊಕ್ಕರೆ ಅದು ಎರಡಾಗಿ ಸೀಳುತ್ತದೆ, ಜೊತೆಗೆ ಎರಡು ಮೂರು ನ್ಯೂಟ್ರಾನುಗಳು ಹಾರುತ್ತವೆ. ಅವು ಬೇರೆ ಬೀಜಗಳನ್ನು ಸೀಳುತ್ತವೆ. ಗಣಿಯಿಂದ ಬಂದ ಯುರೇನಿಯಂನಲ್ಲಿ ಸುಲಭವಾಗಿ ಸೀಳುವ ಜಾತಿ ನೂರಕ್ಕೆ ಒಂದು ಪಾಲೂ ಇಲ್ಲ, 0.7 ಮಾತ್ರ. ಹಾರುವ ನ್ಯೂಟ್ರಾನಿನ ಓಟ ತಗ್ಗಿಸಿದರೆ ಅದು ಸೀಳುವ ಸಂಭವ ಹೆಚ್ಚು. ಕೈಗಾದಲ್ಲಿ ಓಟ ತಗ್ಗಿಸುವುದು ಭಾರಜಲ.

ಹೀಗೆ ಸೀಳಿದಾಗ ತೂಕದಲ್ಲಿ ಒಂದಿಷ್ಟು ಕಳೆದುಹೋಗುತ್ತದೆ, ಆ ಕಳೆದ ತೂಕವೇ ಶಕ್ತಿ. ಒಂದು ಕಿಲೋ ಪೂರ್ತಿ ಸೀಳಿದರೆ ಕಳೆಯುವುದು ಒಂದು ಗ್ರಾಮಿಗಿಂತ ಕಡಿಮೆ, ಹುಟ್ಟುವ ಬಿಸಿ ಎರಡು ಕೋಟಿ ಯೂನಿಟ್‌ಗೂ ಹೆಚ್ಚು! ಕೈಗಾದಂಥ ಒಲೆಯಲ್ಲಿ ಒಂದು ಕಿಲೋ ಸಹಜ ಯುರೇನಿಯಂಗೆ ಸುಮಾರು 50 ಸಾವಿರ ಯೂನಿಟ್ ಕರೆಂಟು ಸಿಗುತ್ತದೆ. ಅಷ್ಟನ್ನೇ ಕಲ್ಲಿದ್ದಲಿನಿಂದ ತೆಗೆಯಲು 35 ಟನ್ ಬೇಕು. ಒಮ್ಮೆ ಹಚ್ಚಿದರೆ ಬಿಸಿಲು ಮಳೆಯ ಹಂಗಿಲ್ಲ. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿತು. ನಾಲ್ಕೂ ಪೂರ್ತಿ ಓಡಿದ ದಿನ ಎರಡು ಕೋಟಿ ಯೂನಿಟ್. ಹೋಲಿಕೆಗೆ, ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ 13 ಸಾವಿರ ಎಕರೆಯ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಒಳ್ಳೆಯ ಬಿಸಿಲಿನ ದಿನ ಕೊಡುವುದು ಒಂದು ಕೋಟಿ ಆಸುಪಾಸು. ಮೆಗಾವ್ಯಾಟ್ ನೋಡಿದರೆ ಪಾವಗಡ ಎರಡು ಪಟ್ಟು ದೊಡ್ಡದು, ಯೂನಿಟ್ ನೋಡಿದರೆ ಅರ್ಧ. ನಲ್ಲಿಗೂ ಟ್ಯಾಂಕಿಗೂ ಇರುವ ವ್ಯತ್ಯಾಸ ಅಂದೆನಲ್ಲ, ಇದೇ ಅದು.

ಇನ್ನೊಂದು ಮಗ್ಗುಲೂ ಉಂಟು. ಕೈಗಾ ಕೊನೆಗೂ ನೀರು ಕುದಿಸಿ ಹಬೆಯಿಂದ ಗಾಲಿ ತಿರುಗಿಸುವ ಯಂತ್ರವೇ. ಬಿಸಿಯ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕದ್ರಾ ಜಲಾಶಯದ ನೀರಿಗೆ ಹೋಗುತ್ತದೆ. ಅಡಿಕೆ ಬೇಯಿಸುವ ಒಲೆಯಿಂದ ಕೊಳ್ಳಿ ಎಳೆದರೂ ಕೆಂಡದ ಕಾವು ಹಂಡೆಗೆ ತಾಗುತ್ತಲೇ ಇರುತ್ತದೆ. ಪರಮಾಣು ಒಲೆಯನ್ನು ನಿಲ್ಲಿಸಿದ ಕ್ಷಣದಲ್ಲೂ ಹಾಗೆ, ನೂರಕ್ಕೆ ಆರೇಳು ಪಾಲು ಬಿಸಿ ಹುಟ್ಟುತ್ತಲೇ ಇರುತ್ತದೆ, ನಿಧಾನಕ್ಕೆ ತಗ್ಗುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಒಲೆ ಆರಿತ್ತು, ಸುನಾಮಿ ಬಂದು ತಂಪು ಮಾಡುವ ಪಂಪಿಗೆ ಕರೆಂಟು ಇಲ್ಲವಾಯಿತು, ಈ ಕೆಂಡವೇ ಇಂಧನವನ್ನು ಕರಗಿಸಿತು. ಉರಿದು ಉಳಿದ ಬೂದಿಯೂ ಸಾವಿರಾರು ವರ್ಷ ವಿಕಿರಣ ಸೂಸುತ್ತದೆ. ಶಿವರಾಮ ಕಾರಂತರು ಕೈಗಾ ಬೇಡವೆಂದು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದು ಹಿರಿಯರಿಗೆ ನೆನಪಿರಬಹುದು. ಬೇಕೋ ಬೇಡವೋ ಅನ್ನುವವರಿಬ್ಬರೂ ಈ ಎರಡೂ ಮಗ್ಗುಲಿನ ಅಂಕಿ ಎದುರಿಗಿಟ್ಟುಕೊಂಡು ಮಾತಾಡಬೇಕು.

ಹೈಡ್ರೋಜನ್: ಗದ್ದೆಯಲ್ಲ, ಗೋಣಿಚೀಲ

ಈಗ ಎಲ್ಲ ಕಡೆ ಕೇಳುವ ಹೆಸರು ಇದು. ಕೇಂದ್ರ ಸರಕಾರ 2023ರ ಜನವರಿಯಲ್ಲಿ ಹಸಿರು ಹೈಡ್ರೋಜನ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಮಾಡುವ ಗುರಿ.

ಸೂರ್ಯನಲ್ಲಿ ಹೈಡ್ರೋಜನ್ ಇಂಧನವೇ. ಅಲ್ಲಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತದೆ. ನಮ್ಮ ಬಿಸಿಲು ಹುಟ್ಟುವುದೇ ಅದರಿಂದ. ಭೂಮಿಯ ಮೇಲೆ ಹಾಗಲ್ಲ. ಇಲ್ಲಿ ಬಿಡಿ ಹೈಡ್ರೋಜನ್ ಬಹಳ ಅಪರೂಪ, ಹೆಚ್ಚಿನದು ಆಮ್ಲಜನಕದ ಜೊತೆ ಉರಿದು ನೀರಾಗಿ ಕೂತಿದೆ. ನೀರು ಅಂದರೆ ಹೈಡ್ರೋಜನ್ ಉರಿದು ಉಳಿದ ಬೂದಿ. ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ ಉರಿದಾಗ ಸಿಕ್ಕಿದ್ದಷ್ಟನ್ನು ಮೊದಲು ನಾವು ಸುರಿಯಬೇಕು, ಮೇಲೆ ನಷ್ಟವೂ ಸೇರಬೇಕು.

ಲೆಕ್ಕ ಹೀಗಿದೆ. ಒಂದು ಕಿಲೋ ಹೈಡ್ರೋಜನಿನಲ್ಲಿ 33 ಯೂನಿಟ್ ಬಿಸಿ ಇದೆ. ನೀರು ಒಡೆದು ಅದನ್ನು ತೆಗೆಯಲು 50 ಯೂನಿಟ್ ಮೇಲೆ ಕರೆಂಟು ಬೇಕು, ಒಂಬತ್ತು ಲೀಟರ್ ನೀರೂ ಬೇಕು. ಮತ್ತೆ ಕರೆಂಟಾಗಿ ಮಾಡಿದರೆ 16 ಯೂನಿಟ್ ಸಿಗಬಹುದು. ಐವತ್ತು ಹಾಕಿ ಹದಿನಾರು! ಒತ್ತಿ ತುಂಬದಿದ್ದರೆ ಆ ಒಂದು ಕಿಲೋಗೆ ಹನ್ನೊಂದು ಸಾವಿರ ಲೀಟರಿಗೂ ಮೀರಿದ ಜಾಗ ಬೇಕು. ಹಾಗಾಗಿ ಹೈಡ್ರೋಜನ್ ಬೆಳೆ ಬರುವ ಗದ್ದೆಯಲ್ಲ, ಬೆಳೆ ತುಂಬುವ ಚೀಲ. ಅದೂ ತೂತಿರುವ ಚೀಲ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ನೀರಿನಿಂದ ಎಂಜಿನ್ ಓಡಿಸುತ್ತೇವೆ, ಬ್ಯಾಟರಿಗೆ ಒಂದು ಡಬ್ಬಿ ಜೋಡಿಸಿದರೆ ಡೀಸೆಲ್ ಅರ್ಧ ಉಳಿಯುತ್ತದೆ ಅಂತ ಹೇಳಿ ಮಾರುವವರು ನಮ್ಮ ನಡುವೆ ಬರುತ್ತಲೇ ಇದ್ದಾರೆ. ಆ ಬ್ಯಾಟರಿ ತುಂಬುವುದು ಅದೇ ಎಂಜಿನ್ನಿನಿಂದ, ಎಂಜಿನ್ ಓಡುವುದು ಅದೇ ಡೀಸೆಲಿನಿಂದ. ಡೀಸೆಲಿನ ಶಕ್ತಿ ಎಂಜಿನ್, ಡೈನಮೊ, ಡಬ್ಬಿ ದಾಟಿ ಹೈಡ್ರೋಜನ್ ಆಗುವ ಹೊತ್ತಿಗೆ ಹತ್ತರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಮೂಲಿಕೆ ಹಾಕಿ ನೀರಿನಿಂದ ಪೆಟ್ರೋಲ್ ಮಾಡುವುದಾಗಿ ಹೇಳಿದಾಗ ದೇಶವೇ ಬೆರಗಾಗಿತ್ತು. ಅದು ಸಿಬಿಐ ಪ್ರಕರಣವಾಗಿ, 2016ರಲ್ಲಿ ಚೆನ್ನೈ ನ್ಯಾಯಾಲಯ ಅವರಿಗೆ ಮೂರು ವರ್ಷ ಶಿಕ್ಷೆ ವಿಧಿಸಿತು. ಯೂನಿಟ್ ಎಲ್ಲಿಂದ ಬಂತು ಅಂತ ಒಂದು ಪ್ರಶ್ನೆ ಕೇಳಿದ್ದರೆ ಬೆರಗು ಅಲ್ಲೇ ಇಳಿಯುತ್ತಿತ್ತು.

ಹಾಗಂತ ಹೈಡ್ರೋಜನ್ ನಮಗೆ ಸಂಬಂಧವಿಲ್ಲದ್ದಲ್ಲ. ನಾವು ಹಾಕುವ ಯೂರಿಯಾ ಹುಟ್ಟುವುದೇ ಅದರಿಂದ. ಗಾಳಿಯ ಸಾರಜನಕಕ್ಕೆ ಹೈಡ್ರೋಜನ್ ಸೇರಿಸಿ ಅಮೋನಿಯ ಮಾಡುತ್ತಾರೆ, ಅದರಿಂದ ಯೂರಿಯಾ. ಈ ಹೈಡ್ರೋಜನ್ ಈಗ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಬರುತ್ತದೆ, ಆ ಅನಿಲದ ದೊಡ್ಡ ಪಾಲು ಹೊರದೇಶದ್ದು. 45 ಕಿಲೋ ಚೀಲದಲ್ಲಿ ಸಾರಜನಕ 20 ಕಿಲೋ ಚಿಲ್ಲರೆ. ಅದಕ್ಕೆ ಬೇಕಾದ ಹೈಡ್ರೋಜನ್ ಸುಮಾರು ನಾಲ್ಕೂವರೆ ಕಿಲೋ. ಅಷ್ಟನ್ನು ನೀರು ಒಡೆದು ತೆಗೆದರೆ ಒಂದು ಚೀಲಕ್ಕೆ 220 ಯೂನಿಟ್ ಮೇಲೆ ಕರೆಂಟು! ಯೂರಿಯಾ ಚೀಲ ಹೊತ್ತು ತರುವಾಗ ಎಷ್ಟು ಶಕ್ತಿ ಹೊತ್ತಿದ್ದೇವೆ ಅಂತ ಇದರಿಂದ ಗೊತ್ತಾಗುತ್ತದೆ. ಅಲಸಂದೆ, ಹುರುಳಿ, ಗ್ಲಿರಿಸಿಡಿಯದ ಬೇರುಗಂಟಿನ ಸೂಕ್ಷ್ಮಜೀವಿಗಳು ಇದೇ ಸಾರಜನಕವನ್ನು ಬಿಸಿಲಿನ ಶಕ್ತಿಯಿಂದ, ಮೀಟರಿಲ್ಲದೆ ಮಾಡಿಕೊಡುತ್ತವೆ. ತೋಟದ ಬೇಲಿಗೆ ಗ್ಲಿರಿಸಿಡಿಯ ಹಾಕುವುದೂ ಒಂದು ಶಕ್ತಿ ಉಳಿತಾಯವೇ.

ಕೊಳ್ಳುವ ಮೊದಲು

ಯಾವ ಯಂತ್ರದವರು ಬಂದರೂ ನಾನು ಕೇಳುವುದು ನಾಲ್ಕು ಪ್ರಶ್ನೆ.

ಒಂದು, ಇದರೊಳಗೆ ಹೋಗುವ ಶಕ್ತಿ ಯಾವುದು, ಅದು ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಚಾ ಕೊಟ್ಟು ಕಳಿಸಬಹುದು.

ಎರಡು, ವ್ಯಾಟ್ ಬೇಡ, ನಮ್ಮ ಜಾಗದಲ್ಲಿ ದಿನಕ್ಕೆ ಎಷ್ಟು ಯೂನಿಟ್? ಆಷಾಢದಲ್ಲಿ ಎಷ್ಟು, ಏಪ್ರಿಲಿನಲ್ಲಿ ಎಷ್ಟು?

ಮೂರು, ನೂರು ಹಾಕಿದರೆ ಕೈಗೆ ಎಷ್ಟು ಬರುತ್ತದೆ, ಉಳಿದದ್ದು ಎಲ್ಲಿ ಹೋಗುತ್ತದೆ?

ನಾಲ್ಕು, ಬೇಡದಾಗ ಬಂದದ್ದನ್ನು ಎಲ್ಲಿ ಇಡುವುದು? ಬ್ಯಾಟರಿಯಲ್ಲೋ, ಟ್ಯಾಂಕಿನ ನೀರಾಗಿಯೋ, ಸಗಣಿ ಗುಂಡಿಯಲ್ಲೋ?

ಈ ನಾಲ್ಕಕ್ಕೂ ಬಂದ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಎರಡು ಮೂರು ಯಂತ್ರದ್ದನ್ನು ಪಕ್ಕ ಪಕ್ಕ ಇಟ್ಟು ನೋಡಿ. ಈ ಬೇಸಿಗೆಗೆ ಮೊದಲು ನಿಮ್ಮ ಪಂಪು ಒಂದು ಯೂನಿಟ್‌ಗೆ ಎಷ್ಟು ಲೀಟರ್ ಎತ್ತುತ್ತದೆ ಅಂತಲೂ ಡ್ರಮ್ಮು, ಮೀಟರು ಇಟ್ಟು ಅಳೆದು ನೋಡಿ. ಅರ್ಧ ಗಂಟೆಯ ಕೆಲಸ. ಬಂದ ಅಂಕಿಯನ್ನು ಬಾವಿಯ ಆಳದೊಂದಿಗೆ ಬರೆದು ಕಳಿಸಿದರೆ, ಹತ್ತಾರು ತೋಟದ ಲೆಕ್ಕ ಒಟ್ಟಿಗೆ ಓದಿ ನಾವೆಲ್ಲರೂ ತಿಳಿದುಕೊಳ್ಳಬಹುದು.